ಮೂವತ್ತೈದು, ಐವತ್ತು ಮತ್ತು ಗಿರಣಿಯ ಕೋಲು

ಗದಗಿನ ಒಂದು ಓಣಿಯಲ್ಲಿ ಫಕೀರಪ್ಪನ ಹಿಟ್ಟಿನ ಗಿರಣಿ. ಮಾತಿಗಿಂತ ಕೈ ಮುಂದೆ... ಅಂಥ ಮನುಷ್ಯ.

ಅವತ್ತು ಸಂಜೆ ಅವನ ತಮ್ಮ ಪೇಡೆ ಡಬ್ಬಿ ಹಿಡಿದು ಬಂದ. "ಅಣ್ಣಾ, ನಮ್ಮ ಮುತ್ತು ವಿಜ್ಞಾನದಾಗ ಪಾಸಾದ ನೋಡು!"

ತಮ್ಮನ ಮಗ, ಒಂಬತ್ತನೇ ಕ್ಲಾಸಿನ ಮುತ್ತುವಿಗೆ ಬಂದದ್ದು ನೂರಕ್ಕೆ ಮೂವತ್ತಾರು.

ಫಕೀರಪ್ಪನ ಮಗಳು ಶಿವಲೀಲಾ ಕೂಡ ಒಂಬತ್ತನೇ ಕ್ಲಾಸೇ, ಬೇರೆ ಶಾಲೆ. ಅವಳಿಗೆ ವಿಜ್ಞಾನದಲ್ಲಿ ನಲವತ್ತೇಳು... ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ 'ಫೇಲ್'.

"ಅಪ್ಪಾ, ಅವರ ಸಾಲ್ಯಾಗ ಮೂವತ್ತೈದಕ್ಕ ಪಾಸ್... ನಮ್ಮಲ್ಲಿ ಐವತ್ತು ಬೀಳಬೇಕ್ರಿ..."

"ನೆಪಾ ಹೇಳ್ತಿ?"

ಐವತ್ತರ ಶಾಲೆ ಎಂದರೆ ಬಿಗಿ ಶಾಲೆ ಎಂದು ಓಣಿಗೆಲ್ಲ ಹೇಳಿಕೊಂಡು ಅವಳನ್ನು ಅಲ್ಲಿ ಸೇರಿಸಿದವನು ಅವನೇ! ಆದರೆ ಸಿಟ್ಟು ನೆತ್ತಿಗೇರಿದಾಗ ಅದೆಲ್ಲಿ ನೆನಪಾದೀತು?

ಹಿಟ್ಟು ಕಟ್ಟಿಕೊಂಡಾಗ ಗಿರಣಿ ಬಡಿಯಲು ಒಂದು ಮರದ ಕೋಲಿತ್ತು. ಅದನ್ನೇ ಎತ್ತಿಕೊಂಡ. ಬೆನ್ನಿಗೆ... ತೋಳಿಗೆ... ಅಡ್ಡ ಬಂದ ಅಂಗೈಗೆ... ದನಕ್ಕೆ ಬಡಿದ ಹಾಗೆ ಬಡಿದ. ತುಟಿ ಒಡೆದು ರಕ್ತ ಸುರಿಯಿತು. ತಮ್ಮ ಅಡ್ಡ ಬಂದು ಬಿಡಿಸಿದ.

"ನಾಳಿಂದ ಸಾಲಿ ಬಂದ್! ಗಿರಣ್ಯಾಗ ಕುಂದ್ರು!"

ಮರುದಿನ ಬೆಳಿಗ್ಗೆ ಫಕೀರಪ್ಪ ಒದ್ದೆ ಕೈಯಲ್ಲೇ ಗಿರಣಿಯ ಒಡೆದ ಸ್ವಿಚ್ ಒತ್ತಿದ.

ಕರೆಂಟ್ ಹಿಡಿದುಬಿಟ್ಟಿತು! ಕೈ ಅಂಟಿಕೊಂಡಿತು... ಮೈ ಗಡಗಡ ನಡುಗಿತು... ಕಣ್ಣು ಮೇಲಾಯಿತು. ಮೇನ್ ಸ್ವಿಚ್ ಇದ್ದದ್ದು ಅವನ ಆಚೆ, ಅವನನ್ನು ಮುಟ್ಟದೆ ಕೈಗೆ ಸಿಗುವಂತಿರಲಿಲ್ಲ.

ಜೋಳ ಬೀಸಿಸಲು ಬಂದಿದ್ದ ಮುತ್ತು "ದೊಡ್ಡಪ್ಪಾ!" ಎಂದು ಎಳೆಯಲು ಓಡಿದ.

"ಮುಟ್ಟಬ್ಯಾಡೋ! ನೀನೂ ಸಾಯ್ತಿ!" ಗಿರಣಿಯಲ್ಲಿ ಕೂತಿದ್ದ ಶಿವಲೀಲಾ ಎದ್ದು ಬಂದು ಅವನನ್ನು ಪಕ್ಕಕ್ಕೆ ದಬ್ಬಿದಳು.

ಒಣ ಗೋಣಿಚೀಲದ ಮೇಲೆ ನಿಂತು ಅದೇ ಕೋಲು ಎತ್ತಿದಳು. ಅಪ್ಪನ ಮಣಿಕಟ್ಟಿಗೆ ಇದ್ದ ಶಕ್ತಿಯೆಲ್ಲ ಹಾಕಿ ಹೊಡೆದಳು. ಒಂದು... ಎರಡು... ಮೂರನೆಯ ಏಟಿಗೆ ಮೂಳೆ ಮುರಿದ ಸದ್ದು. ಕೈ ಬಿಟ್ಟಿತು. ಫಕೀರಪ್ಪ ನೆಲಕ್ಕೆ ಬಿದ್ದ... ಉಸಿರಿತ್ತು.

ಆಸ್ಪತ್ರೆಯಲ್ಲಿ ಮುತ್ತು ಬಿಕ್ಕಿ ಬಿಕ್ಕಿ ಅತ್ತ. "ದೊಡ್ಡಪ್ಪಾ, ಕರೆಂಟಿನ ಪಾಠ ನಾ ಓದೇ ಇಲ್ರಿ... ಅದನ್ನ ಬಿಟ್ರೂ ಪಾಸ್ ಆಗ್ತೀನಿ ಅಂತ ಬಿಟ್ಟಿದ್ದೆ... ಅಕ್ಕ ಓದಿದ್ಲು."

ಫಕೀರಪ್ಪ ಮಗಳನ್ನು ನೋಡಿದ. ಊದಿದ ತುಟಿ... ತೋಳ ತುಂಬ ಬಾಸುಂಡೆ. ಅದೇ ಕೈಯಿಂದ ಅವಳು ಅವನ ಪ್ಲಾಸ್ಟರ್ ಸವರುತ್ತಿದ್ದಳು.

"ಭಾಳ ಜೋರ್ ಹೊಡದ್ನೇನ್ರಿ ಅಪ್ಪಾ?"

ಅವನು ಹೋ ಎಂದು ಅತ್ತುಬಿಟ್ಟ. "ನೀ ಹೊಡದದ್ದಕ್ಕ ನನ್ನ ಜೀವಾ ಉಳೀತವ್ವಾ... ನಾ ಹೊಡದದ್ದಕ್ಕ ನಿನಗೇನ್ ಬಂತು?"

ಕಣ್ಣೊರೆಸಿಕೊಂಡು ಹೇಳಿದ, "ನಿನ್ನ ಪೇಪರ್ ತಗೊಂಡ್ ಬಾ, ಏನ್ ಬರದಿ ಅಂತ ಓದ್ತೀನಿ. ಸೋಮವಾರ ಸಾಲಿಗೆ ನಾನೇ ಬಿಟ್ಟು ಬರ್ತೀನಿ."

*ಪಾಸಿನ ಗೆರೆಯನ್ನು ಒಂದೊಂದು ಶಾಲೆ ಒಂದೊಂದು ಕಡೆ ಎಳೆಯುತ್ತದೆ... ಮಗು ಕಲಿತದ್ದು ಆ ಗೆರೆಯಲ್ಲಿ ಕಾಣುವುದಿಲ್ಲ.*

ನಿಮ್ಮ ಮಗುವಿನ ಮಾರ್ಕ್ಸ್ ನೀವು ಎಷ್ಟೋ ಸಲ ಕೇಳಿದ್ದೀರಿ... ಅದು ಬರೆದ ಉತ್ತರವನ್ನು ಒಮ್ಮೆಯಾದರೂ ಓದಿದ್ದೀರಾ?