ಓರ್ಖೋನ್ ಹೊಳೆಯಲ್ಲಿ ನಿಂತ ಬೈಕು

ಓರ್ಖೋನ್ ಹೊಳೆಯ ನಟ್ಟನಡುವೆ ಓಚಿರನ ಬೈಕು ಕೆಮ್ಮಿ ನಿಂತಿತು. ಮೂರು ದಿನದಿಂದ ಹುಲ್ಲುಬಯಲಲ್ಲಿ ಜೊತೆಗೆ ಬಂದಿದ್ದ ಐವರು ಗೆಳೆಯರು ಆಗಲೇ ಬೈಕುಗಳನ್ನು ದಾಟಿಸಿ, ಆಚೆ ದಡದಿಂದ "ಮೀನು ಹಿಡೀತಿದ್ದೀಯೇನೋ?" ಎಂದು ನಕ್ಕರು. ಓಚಿರ್ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡ.

ಕುರಿ ಕಾಯುತ್ತಿದ್ದ ಮುದುಕನೊಬ್ಬ ಕುದುರೆಯನ್ನು ನೀರಿಗಿಳಿಸಿ ಬೈಕಿಗೆ ಹಗ್ಗ ಬಿಗಿದ. ಓಚಿರ್ ಹೆಲ್ಮೆಟ್ ತೆಗೆಯಲಿಲ್ಲ. ಹೋದ ವರ್ಷ ಇದೇ ಬೈಕಿಗಾಗಿ ಅವನು ಮಾರಿದ್ದ ಕಂದು ಕುದುರೆ ಅದು. ಮುದುಕ ಎಷ್ಟು ಗದರಿದರೂ ಕುದುರೆ ಅಲುಗಲೇ ಇಲ್ಲ.

"ಬರೀ ಮೊಂಡು! ಯಾವನು ಸಾಕಿದ್ನೋ!" ಮುದುಕ ಚಾವಟಿ ಎತ್ತಿದ.

"ಹೊಡೀಬೇಡಿ ಅಜ್ಜಾ!" ಓಚಿರ್ ಹೆಲ್ಮೆಟ್ ಕಳಚಿ, "ಚೂ, ಮರೀ, ಚೂ" ಎಂದು ಕುದುರೆಯನ್ನು ಹುರಿದುಂಬಿಸಿದ.

ಕುದುರೆ ಕಿವಿ ನಿಮಿರಿಸಿ, ಬೈಕನ್ನು ದಡಕ್ಕೆಳೆದೇಬಿಟ್ಟಿತು. ಗೆಳೆಯರ ನಗು ನಿಂತಿತು. ಆಮೇಲದು ತಿರುಗಿ, ಒಣಮೊಸರಿನ ತುಣುಕಿಗಾಗಿ ಮೊದಲಿನಂತೆಯೇ ಓಚಿರನ ಜೇಬಿಗೆ ಮೂತಿ ತೂರಿಸಿತು.

ಅಲ್ಲಿದ್ದದ್ದು ಬೈಕಿನ ಕೀಲಿ ಮಾತ್ರ.