ದಾನಮ್ಮನ ಮೀಟರ್

ಕೂಸು ಹುಟ್ಟಿದ ಕೂಡಲೇ ಅದರ ಕಾಲಿನ ಬಲ ಅಳೆದು, ಮುಳ್ಳು ಅಷ್ಟಕ್ಕೇ ನಿಲ್ಲುವ ಮೀಟರ್ ಮಾಡಿಕೊಡುವುದು ವಿಜಯಪುರದ ಪದ್ಧತಿ. ಸೈಕಲ್ ಕಲಿತ ದಿನ ಅದನ್ನು ಹ್ಯಾಂಡಲ್‌ಗೆ ಬಿಗಿಯುತ್ತಾರೆ. ದಾನಮ್ಮನ ಅಳತೆ ಎಲ್ಲರಿಗಿಂತ ಕಡಿಮೆ.

ಆದರೂ ಅವಳು ಸೈಕಲ್ಲಿನ ಹಿಂದೆ ಲಾರಿ ಟೈರು ಕಟ್ಟಿಕೊಂಡು ವರ್ಷಗಟ್ಟಲೆ ಎದುರುಗಾಳಿಯಲ್ಲಿ ತುಳಿದಿದ್ದಳು. ಇವತ್ತು ಅಭ್ಯಾಸದ ಕೊನೆಯ ಸುತ್ತಿನಲ್ಲಿ ಸೀಟಿನಿಂದ ಎದ್ದು ತುಳಿದಾಗ ಮುಳ್ಳು ಕೊನೆಯ ಗೆರೆ ದಾಟಲು ಹೋಗಿ, ಅಂಚಿಗೆ ಬಡಿದು ಬಾಗಿತು.

ಕೋಚ್ ಬಸಲಿಂಗಪ್ಪ ಬಗ್ಗಿ ನೋಡಿದರು. "ಮತ್ತ ಮೀಟರ್ ಕೆಟ್ಟೈತಿ ನೋಡವ್ವಾ. ಹುಟ್ಟಿದ ಅಳತಿ ದಾಟಾಕ ಯಾರಿಗೂ ಆಗೂದಿಲ್ಲ."

ಹೊಸದನ್ನು ಬಿಗಿದರು. ಅದೂ ಅದೇ ಅಳತೆಯದು.

ದಾನಮ್ಮ ಬೆವರು ಒರೆಸಿಕೊಂಡು ಮತ್ತೆ ಸೈಕಲ್ ಹತ್ತಿದಳು.

"ಇನ್ನೊಂದು ಮೀಟರ್ ತಗೊಂಡು ಇಲ್ಲೇ ನಿಂದರ್ರಿ ಸರ್. ಒಂದು ಸುತ್ತು ಹೊಡದು ಬರ್ತೀನಿ."