ಚರಗಕ್ಕೆ ಹಕ್ಕಿ ಕರೆದದ್ದು

ಚಳಿಗಾಲದ ಎಳ್ಳಮಾವಾಸ್ಯೆ, ನಡುಮಧ್ಯಾಹ್ನ. ಗೌಡರು ಹೊಲದ ಪೂಜೆ ಮುಗಿಸಿ ಸಜ್ಜೆ ರೊಟ್ಟಿ, ಕಡುಬು, ಪಲ್ಯ ಕಲಸಿ ಭೂಮಿತಾಯಿಗೆ ಚರಗ ಚೆಲ್ಲಿದರು. ಇಲ್ಲಿ ಬಿಳಿಜೋಳ ಇದ್ದಾಗ ಚೆಲ್ಲಿದ ಕೈ ಒಣಗುವುದರೊಳಗೆ ಹಕ್ಕಿಗಳು ಮುತ್ತುತ್ತಿದ್ದವು. ನಲವತ್ತು ವರ್ಷ ಅಟ್ಟಣಿಗೆ ಏರಿ, ಕೂಗಿ, ತೆನೆಯಿಂದ ಅವನ್ನು ಓಡಿಸಿದವನು ನಾನೇ. ಹೊಸ ಹತ್ತಿ ಬಂದ ಮೇಲೆ ಹಕ್ಕಿಯೂ ಇಲ್ಲ, ನನಗೆ ಕೆಲಸವೂ ಇಲ್ಲ.

"ಮೂರು ವರ್ಷಾತು ಕಾಕಾ, ಚರಗಾ ಇರಿವಿ ಪಾಲಾಗಾಕತ್ತೈತಿ," ಎಂದರು ಗೌಡರು. "ಇವತ್ತ ಒಂದು ಹಕ್ಕಿ ಬಂದು ಬಾಯಿ ಹಚ್ಚಿದ್ರ ಮುಂದಿನ ವರ್ಷ ಜ್ವಾಳಾನ ಬಿತ್ತತೀನಿ. ನಿನ್ನ ಅಟ್ಟಣಿಗೀನೂ ಏಳತೈತಿ."

ಕಾದೆವು. ಹೊತ್ತು ಇಳಿಯಿತು.

"ಸುಮ್ನ ಕುಂತ್ರ ಬರ್ತಾವೇನು? ಕರಿ."

"ಕರದು ಗೊತ್ತಿಲ್ರಿ ಗೌಡ್ರ."

"ನಲವತ್ತು ವರ್ಷ ಅವುಗಳ ಕೂಡ ಮಾತಾಡೀಯಲ್ಲ, ಅದ ಮಾತಿನಾಗ ಕರಿ."

ನನಗೆ ಬರುತ್ತಿದ್ದದ್ದು ಒಂದೇ ಕೂಗು. ಬಾಯಿಗೆ ಕೈ ಹಚ್ಚಿ ಅದನ್ನೇ ಕೂಗಿದೆ.

ಹತ್ತಿ ಸಾಲಿನ ನೆರಳಲ್ಲಿ, ಚರಗದಿಂದ ಗೇಣು ದೂರದವರೆಗೆ ಸದ್ದಿಲ್ಲದೆ ಕುಪ್ಪಳಿಸಿ ಬಂದಿದ್ದ ಒಂದೇ ಒಂದು ಗುಬ್ಬಿ ಎದ್ದು ಹಾರಿಹೋಯಿತು.